ದೊಡ್ಡಪ್ಪ ಕಳಿಸಿದ ಲ್ಯಾಪ್‌ಟಾಪ್ ಫೋಟೋ

ಗುಂಪು: ನಮ್ಮ ಬಳಗ

ದೊಡ್ಡಪ್ಪ ಮೈಸೂರು: (ಫೋಟೋ) ಪುಟ್ಟಿ ಕಾಲೇಜಿಗೆ ಇದು ನೋಡಿ. ಐ7, 8 ಜಿಬಿ ರ‍್ಯಾಮ್. ಬರೀ 24,000. ಸಂಜೆಯೊಳಗೆ ಹೇಳಬೇಕಂತೆ.

ಅತ್ತೆ ಶಿವಮೊಗ್ಗ: ಐ7 ಇಷ್ಟು ಕಮ್ಮಿಗಾ! ತಗೊಂಡುಬಿಡು ಅಣ್ಣ.

ನಾನು: ದೊಡ್ಡಪ್ಪ, ಫೋಟೋ ಝೂಮ್ ಮಾಡಿ ನೋಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಐ7-7600ಯು ಅಂತ ಇದೆ. ಅದು 2017ರ ಚಿಪ್. ಹಳೇ ಆಫೀಸಿನ ಮೆಷಿನ್ ಒರೆಸಿ ಮಾರುತ್ತಿದ್ದಾರೆ. ಒಳಗೆ ಲೆಕ್ಕ ಮಾಡುವ ಭಾಗ, ಅಂದರೆ ಕೋರ್, ಎರಡೇ.

ದೊಡ್ಡಪ್ಪ ಮೈಸೂರು: ಐ7 ಐ7ನೇ ಅಲ್ವೇನಪ್ಪ?

ನಾನು: ಅಲ್ಲ. 2022ರಲ್ಲಿ ಬಂದ ಐ3-1215ಯುಗೆ ಆರು ಕೋರ್ ಇದೆ. ಅಡ್ಡಗೆರೆ ಆದಮೇಲೆ 7600 ಅಂತಿದ್ದರೆ ಏಳನೇ ಜನರೇಶನ್ (ತಲೆಮಾರು), 1215 ಅಂತಿದ್ದರೆ ಹನ್ನೆರಡನೇದು. ಮೊದಲು ಅದನ್ನು ನೋಡಬೇಕು.

ದೊಡ್ಡಪ್ಪ ಮೈಸೂರು: ಏಳಕ್ಕಿಂತ ಮೂರು ದೊಡ್ಡದು! ನಾನು 34 ವರ್ಷ ಲೆಕ್ಕದ ಮೇಷ್ಟ್ರಾಗಿದ್ದೆ ಕಣಪ್ಪ.

ಚಿಕ್ಕಪ್ಪ ಹುಬ್ಬಳ್ಳಿ: ಕೊಡಿಸೋದಾದರೆ ಮ್ಯಾಕ್‌ಬುಕ್ ಕೊಡಿಸ್ರಿ. ಒಮ್ಮೆ ಚಾರ್ಜ್ ಮಾಡಿದರೆ ದಿನವಿಡೀ ಚಿಂತೆಯಿಲ್ಲ, ಸ್ಟೂಡೆಂಟ್ಸ್‌ಗೆ ರಿಯಾಯಿತಿ ಬೇರೆ.

ಪುಟ್ಟಿ: ಚಿಕ್ಕಪ್ಪ ನನ್ನದು ಮೆಕ್ಯಾನಿಕಲ್. ಡ್ರಾಯಿಂಗ್ ಮಾಡುವ ಆಟೋಕ್ಯಾಡ್ ಮ್ಯಾಕ್‌ಗೂ ಸಿಗುತ್ತದೆ, ಆದರೆ 3ಡಿ ಡಿಸೈನ್‌ನ ಡೆಸ್ಕ್‌ಟಾಪ್ ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ. ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳೋ ಬೂಟ್‌ಕ್ಯಾಂಪ್ ಕೂಡ ಈಗಿನ ಮ್ಯಾಕ್‌ಗಳಲ್ಲಿ ಇಲ್ಲ.

ಚಿಕ್ಕಪ್ಪ ಹುಬ್ಬಳ್ಳಿ: ಹಂಗಾದರೆ ಗೇಮಿಂಗ್ ಲ್ಯಾಪ್‌ಟಾಪ್.

ಪುಟ್ಟಿ: ಎರಡೂ ಕಾಲು ಕೆಜಿ, ಚಾರ್ಜರ್ ಇಟ್ಟಿಗೆ ಬೇರೆ. ಬಿಎಂಟಿಸಿಯಲ್ಲಿ ನಿಂತು ಹೋಗುವವಳು ನಾನು 😭

ಅಮ್ಮ: 50 ಸಾವಿರ ದಾಟೋ ಹಾಗಿಲ್ಲ. ಫೀಸು, ಹಾಸ್ಟೆಲ್ಲು ಎಲ್ಲ ಇದೆ. ಭಾವ ಹೇಳಿದ್ದನ್ನೇ ತಗೊಂಡರೆ ಅರ್ಧ ಉಳಿಯುತ್ತದೆ ಅಲ್ವಾ?

ನಾನು: ಉಳಿಯಲ್ಲಮ್ಮ. ವಿಂಡೋಸ್ 11ಗೆ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು, ಇಂಟೆಲ್‌ನಲ್ಲಿ ಅದು ಹೆಚ್ಚುಕಮ್ಮಿ ಎಂಟನೇ ಜನರೇಶನ್‌ನಿಂದ ಶುರು, ಇದು ಏಳನೇದು, ವಿಂಡೋಸ್ 10ರಲ್ಲೇ ಉಳಿಯಬೇಕು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತುಹೋಯಿತು. ನಾಲ್ಕು ವರ್ಷದ ಕೋರ್ಸ್, ಮಧ್ಯದಲ್ಲಿ ಇನ್ನೊಂದು ಕೊಡಿಸಬೇಕಾಗುತ್ತದೆ.

ಅತ್ತೆ ಶಿವಮೊಗ್ಗ: ಹಾಗಾದರೆ ಬೇಡ ಅಣ್ಣ.

ದೊಡ್ಡಪ್ಪ ಮೈಸೂರು: ಈಗ ತಾನೇ ತಗೊಂಡುಬಿಡು ಅಂದೆ ನೀನು!

ನಾನು: ಬಜೆಟ್‌ನಲ್ಲಿ ಹೊಸ ಐ5 ಅಥವಾ ಎಎಂಡಿ ಕಂಪನಿಯ ರೈಜೆನ್ 5 ಚಿಪ್, ಫೈಲ್ ಇಡಕ್ಕೆ 512 ಜಿಬಿ ಎಸ್‌ಎಸ್‌ಡಿ ಇರೋದು ಹುಡುಕೋಣ. ರ‍್ಯಾಮ್ 16 ಜಿಬಿ ಸಿಕ್ಕರೆ ಒಳ್ಳೆಯದು. 8 ಜಿಬಿದೇ ಸಿಕ್ಕಿದರೆ ಖಾಲಿ ರ‍್ಯಾಮ್ ಸ್ಲಾಟ್ ಇದೆಯಾ ಅಂತ ಕೇಳಲೇಬೇಕು. ಕೆಲವು ತೆಳ್ಳನೆಯವುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಸೇರಿಸಕ್ಕಾಗಲ್ಲ. ನನ್ನದು ಹಾಗೇ ಆಯಿತು, ಫೈನಲ್ ಇಯರ್ ಪ್ರಾಜೆಕ್ಟ್ ಪೂರ್ತಿ ಫ್ರೆಂಡ್ ರೂಮಲ್ಲಿ ಕೂತು ಮಾಡಿದೆ.

ಪುಟ್ಟಿ: ಮೊದಲ ವರ್ಷ ಡ್ರಾಯಿಂಗ್ ಕಾಲೇಜು ಲ್ಯಾಬಲ್ಲೇ ಅಂತ ಸೀನಿಯರ್ ಅಂದರು. ಅವಸರ ಏನಿಲ್ಲ.

ಅಮ್ಮ: ಹಾಗಾದರೆ ಭಾನುವಾರ ಬೇಡ, ಅಂಗಡಿ ಮುಚ್ಚಿರಬಹುದು. ಶನಿವಾರ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಬನ್ನಿ. ಭಾವ, ನೀವೂ ಬರ್ತೀರಾ?

(20 ನಿಮಿಷ ಯಾರೂ ಏನೂ ಬರೆಯಲಿಲ್ಲ)

ದೊಡ್ಡಪ್ಪ ಮೈಸೂರು: 2,000 ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ.

ಅಮ್ಮ: ಭಾವ!!

ಚಿಕ್ಕಪ್ಪ ಹುಬ್ಬಳ್ಳಿ: 😂😂 ವಾಪಸ್ ಕೇಳ್ರಿ.

ದೊಡ್ಡಪ್ಪ ಮೈಸೂರು: ಕೊಡಲ್ಲವಂತೆ. ಇರಲಿ ಬಿಡಿ, ನಾನೇ ಇಟ್ಟುಕೊಳ್ಳುತ್ತೇನೆ. ನನಗೆ ಪೇಪರ್ ಓದಕ್ಕೆ, ಮೊಮ್ಮಗನ ವಿಡಿಯೋ ಕಾಲ್‌ಗೆ ಸಾಕು.

ನಾನು: ಅದಕ್ಕೆ ಧಾರಾಳ ಆಯಿತು ದೊಡ್ಡಪ್ಪ. ಬಂದಾಗ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇನೆ, ವಿಂಡೋಸ್ 10ರ ಅಪ್‌ಡೇಟ್ ನಿಂತ ತಲೆನೋವೂ ಇರಲ್ಲ.

ದೊಡ್ಡಪ್ಪ ಮೈಸೂರು: ಲಿನಕ್ಸಾ? ಅದು ಐ ಎಷ್ಟು?