ಕೆರೆ ದಂಡೆಗೆ ಹಸಿರು ಪಟ್ಟಿ: ಪಂಚಾಯಿತಿ ನಿಯಮದಲ್ಲಿ ಏನು ಬರೆಯಬೇಕು?

ಎರೆಹೊಲ, ಕೊಪ್ಪಳ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರ ಗ್ರಾಮ ಪಂಚಾಯಿತಿ ಸದಸ್ಯೆ. ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಎಕರೆ ಎರೆ ಹೊಲ. ಹೊಲ ಇರುವುದು ಕೆರೆಗೆ ಹತ್ತಿಕೊಂಡೇ. ಅಂದರೆ ಏನು ನಿಯಮ ಮಾಡಿದರೂ ಮೊದಲು ನಮಗೇ ತಾಗುತ್ತದೆ.

ಹೋದ ಮುಂಗಾರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋದರೆ ನೀರು ಅಂಬಲಿ ಹಾಗೆ ಮಂದವಾಗಿತ್ತು. ಹತ್ತಿ ಹೊಲದ ಮಣ್ಣೆಲ್ಲ ಕೆರೆಯೊಳಗೆ. ಎಮ್ಮೆ ಮೂತಿ ಹಚ್ಚಿ, ಮೂಸಿ, ಹಿಂದೆ ಸರಿಯಿತು. ದಂಡೆಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹಿಂದಿನ ಸಂಜೆ ಯಾರೋ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆದ ಪಂಪನ್ನು ಅಲ್ಲೇ ತೊಳೆದಿದ್ದರು. ಅವತ್ತಿನಿಂದ ನನಗೆ ಸುಮ್ನೆ ಕೂರಲು ಆಗುತ್ತಿಲ್ಲ.

ನಮ್ಮ ಮಾವನವರು ಸಣ್ಣವರಿದ್ದಾಗ ನೀರಿಗೂ ಹೊಲಕ್ಕೂ ನಡುವೆ ಆಪು ಅನ್ನುವ ಜೊಂಡು, ಕರಕಿ (ಗರಿಕೆ), ಲಕ್ಕಿ ಗಿಡ ದಟ್ಟವಾಗಿ ಇದ್ದವಂತೆ. ಆಪು ಕೊಯ್ದು ಚಾಪೆ ಹೆಣೆಯುತ್ತಿದ್ದರಂತೆ. ಈಗ ಹೊಲ ಹರಗುವ ಕುಂಟೆ ನೀರಿನ ತನಕ ಹೋಗುತ್ತದೆ.

ಆ ಪಟ್ಟಿಯನ್ನು ಮತ್ತೆ ತರಲು ನಿಯಮ ಬರೆಯುತ್ತಿದ್ದೇವೆ. ಎಷ್ಟು ಅಗಲ ಬಿಡಬೇಕು? 30 ಮೀಟರ್ ಅಂತ ಎಲ್ಲರೂ ಹೇಳುತ್ತಾರೆ, ಅದು ಎಲ್ಲಿಂದ ಬಂತು? ಗಿಡ ಯಾವುದು ಹಚ್ಚಬೇಕು?

ಕೋಡಿಕಲ್ಲು, ರಾಯಚೂರು:

ಅಕ್ಕಾರೆ, ಅಗಲ ಆಮೇಲೆ. ಎಲ್ಲಿಂದ ಅಳೆಯಬೇಕು ಅನ್ನುವುದನ್ನು ಮೊದಲು ಬರೆಯಿರಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಳೆದರೆ ನಿಮ್ಮ ಪಟ್ಟಿ ಪೂರ್ತಿ ಕೆರೆಯೊಳಗೇ ಬೀಳುತ್ತದೆ. ಮಳೆಗಾಲದಲ್ಲಿ ಅದು ಮುಳುಗುತ್ತದೆ, ಹೊಲ ಮತ್ತೆ ನೀರಿಗೇ ಹತ್ತಿಕೊಳ್ಳುತ್ತದೆ. ಕೆರೆ ತುಂಬಿ ಕೋಡಿ ಬಿದ್ದಾಗ ನೀರು ನಿಲ್ಲುವ ಗೆರೆಯಿಂದ ಅಳೆಯಿರಿ. ಅಲ್ಲಿ ಕಲ್ಲು ನೆಡಿ.

ಅಗಲದ ಮಾತು: ನೀರಿನ ಜೊತೆ ಬರುವ ಮಣ್ಣು ದಟ್ಟ ಹುಲ್ಲಿನ ಮೊದಲ ಕೆಲವು ಮೀಟರಿನಲ್ಲೇ ಜಾಸ್ತಿ ನಿಲ್ಲುತ್ತದೆ. ಕರಗಿದ ಯೂರಿಯಾ ಹಾಗಲ್ಲ. ಅದನ್ನು ತಡೆಯಲು ಅಗಲವೂ ಬೇಕು, ಆಳಕ್ಕೆ ಬೇರು ಬಿಡುವ ಗಿಡವೂ ಬೇಕು. ಇಳಿಜಾರು ಜಾಸ್ತಿ ಇದ್ದ ಕಡೆ ಅಗಲವನ್ನೂ ಜಾಸ್ತಿ ಮಾಡಿ. ಇನ್ನೊಂದು ಮಾತು ಮರೆಯಬೇಡಿ. ನೀರು ಕೊರಕಲು ಬಿದ್ದು ಒಂದೇ ಕಡೆ ನುಗ್ಗಿದರೆ ಎಷ್ಟು ಅಗಲದ ಹುಲ್ಲಿದ್ದರೂ ಪ್ರಯೋಜನವಿಲ್ಲ. ಮೇಲೆ ಒಡ್ಡು ಹಾಕಿ ನೀರನ್ನು ಹರವಿ ಬಿಡಬೇಕು.

ನೀರಂಚಿಗೆ ಆಪು, ಅದರ ಮೇಲೆ ಕರಕಿ, ಲಾವಂಚ, ಆಮೇಲೆ ಲಕ್ಕಿ, ಹೊಂಗೆ, ನೇರಳೆ. ಬಳ್ಳಾರಿ ಜಾಲಿ ಒಂದೂ ಬೇಡ, ಅದು ಹಬ್ಬಿದರೆ ಬೇರೆ ಏನೂ ಬೆಳೆಯಲು ಬಿಡುವುದಿಲ್ಲ. ಕೆರೆ ಏರಿ ಮೇಲೆ ಮಾತ್ರ ಮರ ಹಚ್ಚಬೇಡಿ. ಬೇರು ಕೊಳೆತರೆ ಏರಿಯೊಳಗೆ ನೀರಿಗೆ ದಾರಿಯಾಗುತ್ತದೆ.

ಹೊಳೆದಂಡೆ, ಬಳ್ಳಾರಿ:

ಆ 30 ಮೀಟರ್ ಬಂದಿದ್ದು ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಿಂದ. ಅದು ಮನೆ, ಅಂಗಡಿ, ಕಾರ್ಖಾನೆ ಕಟ್ಟುವುದಕ್ಕೆ ಹಾಕಿದ ತಡೆ. ಕೆರೆಯ ಗಾತ್ರ ನೋಡಿ ಆ ಅಂತರ ಕಡಿಮೆ ಮಾಡುವ ತಿದ್ದುಪಡಿಗೆ 2025ರಲ್ಲಿ ವಿಧಾನಸಭೆ ಒಪ್ಪಿದೆ, ಈಗ ಯಾವ ಅಳತೆ ಜಾರಿಯಲ್ಲಿದೆ ಎಂದು ಕೇಳಿಕೊಂಡೇ ಬರೆಯಿರಿ. ಕೇಂದ್ರದ 2017ರ ಜೌಗು ಪ್ರದೇಶ ನಿಯಮದಲ್ಲಿ 50 ಮೀಟರ್ ಇದೆ. ಆದರೆ ಆ ನಿಯಮ ನೀರಾವರಿಗೆ ಕಟ್ಟಿದ ಕೆರೆಗಳನ್ನು ಹೊರಗೆ ಬಿಟ್ಟಿದೆ. ನಮ್ಮ ಕಡೆಯ ಕೆರೆಗಳು ಹೆಚ್ಚುಕಮ್ಮಿ ಎಲ್ಲವೂ ಅಂಥವೇ ಅಲ್ವಾ? ಅದಕ್ಕೇ ಊರಿನ ನಿಯಮ ಬೇಕು ಅನ್ನುವುದು.

ಹಾಗಂತ ಕಟ್ಟಿದ ಕೆರೆ ಕಡಿಮೆಯದೇನಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಮನುಷ್ಯರು ಕಟ್ಟಿದ ನೀರಾವರಿ ಕೆರೆಯೇ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ, ಬಳ್ಳಾರಿ ಜಾಲಿ ಅಲ್ಲ.

ನಿಮ್ಮ ಕೆರೆ ಯಾರ ಕೈಯಲ್ಲಿದೆ ನೋಡಿಕೊಳ್ಳಿ. ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯನ್ನೂ ಕೂರಿಸಿಕೊಂಡು ಮಾತಾಡಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿಂದಲೂ ಠರಾವು ಮಾಡಿಸಿ.

ಜೋಳದರಾಶಿ, ಸಿಂಧನೂರು:

ಎಲ್ಲ ಸರಿ ಅಕ್ಕಾ, ಪಟ್ಟಾ ಜಮೀನಿನ ಗತಿ ಏನು? ಕೆರೆ ಕಡೆ 100 ಮೀಟರ್ ಉದ್ದ ಇರುವ ಹೊಲದಲ್ಲಿ 10 ಮೀಟರ್ ಬಿಟ್ಟರೆ ಹತ್ತಿರ ಹತ್ತಿರ 10 ಗುಂಟೆ ಹೋಗುತ್ತದೆ. ಎರಡು ಎಕರೆಯವನಿಗೆ ಅದು ದೊಡ್ಡ ಮಾತು. ‘ಬಿಡು’ ಅಂತ ಬರೆದರೆ ಯಾರೂ ಬಿಡುವುದಿಲ್ಲ. ‘ಮೇವು ಕೊಯ್ದುಕೋ, ಹೊಂಗೆ ಬೀಜ ನಿನ್ನದೇ’ ಅಂತ ಬರೆಯಿರಿ. ದನ ನೀರಿಗೆ ಇಳಿಯುವ ದಾರಿಯನ್ನೂ ಗುರುತಿಸಿ. ಇಲ್ಲದಿದ್ದರೆ ಮೊದಲನೇ ವಾರದಲ್ಲೇ ಬೇಲಿ ಮುರಿಯುತ್ತಾರೆ.

ಎರೆಹೊಲ, ಕೊಪ್ಪಳ ತಾಲ್ಲೂಕು:

ಅಣ್ಣಾರೆ, ನೀವು ಹೇಳಿದ್ದು ಖರೆ. ದನದ ದಾರಿ ನಮ್ಮ ಕರಡಿನಲ್ಲಿ ಇರಲೇ ಇಲ್ಲ, ದಿನಾ ಎಮ್ಮೆ ಹೊಡೆಯುವ ನನಗೇ ಹೊಳೆದಿರಲಿಲ್ಲ. ಈಗ ಹೀಗೆ ತಿದ್ದಿದ್ದೇನೆ:

‘ಕೋಡಿ ಮಟ್ಟದ ಗೆರೆಯಿಂದ ಸರ್ಕಾರಿ ಜಾಗದಲ್ಲಿ 30 ಮೀಟರ್, ಪಟ್ಟಾ ಹೊಲದಲ್ಲಿ ರೈತರ ಒಪ್ಪಿಗೆ ಪಡೆದು 10 ಮೀಟರ್ ಉಳುಮೆ ಇಲ್ಲ, ಬೆಂಕಿ ಇಲ್ಲ, ಮಣ್ಣು ಎತ್ತುವಂತಿಲ್ಲ, ಎಣ್ಣೆ ಹೊಡೆದ ಪಂಪ್ ತೊಳೆಯುವಂತಿಲ್ಲ. ಹುಲ್ಲು, ಆಪು ಕೊಯ್ಯಬಹುದು, ಬೇರು ಕೀಳುವಂತಿಲ್ಲ. ದನಕ್ಕೆ ಎರಡು ದಾರಿ, ಕಲ್ಲು ಹಾಸಿದ್ದು.’

ಪಂಪ್ ತೊಳೆಯಲು ಮೇಲಿನ ಹೊಲಗಳ ಹತ್ತಿರ ನೀರಿನ ತೊಟ್ಟಿ ಇಡಬೇಕು ಅಂತಲೂ ಸೇರಿಸಿದ್ದೇನೆ. ತೊಟ್ಟಿ ಕೊಡದೆ ಬರೀ ಬೇಡ ಅಂದರೆ ಜನ ಎಲ್ಲಿಗೆ ಹೋಗಬೇಕು?

ಗ್ರಾಮಸಭೆ ಆಗುವ ಮೊದಲೇ ನಮ್ಮ ಹೊಲದಲ್ಲಿ 10 ಮೀಟರ್ ಬಿಡುತ್ತೇವೆ. ಮಾವನವರು ಹಳೆಯ ನೀರಿನ ಗೆರೆ ತೋರಿಸಿದ್ದಾರೆ, ನಿನ್ನೆ ಮೂರು ಕಲ್ಲು ನೆಟ್ಟೆವು. ಕೊಪ್ಪಳ, ಗಂಗಾವತಿ ಕಡೆ ಯಾರ ಹತ್ತಿರವಾದರೂ ಲಾವಂಚದ ಬುಡ ಇದ್ದರೆ ಹೇಳಿ. ನಾನೇ ಬಂದು ಸೀಳಿಕೊಂಡು ಹೋಗುತ್ತೇನೆ.