‘ಸ್ಥಿರೀಕರಣ’ ಮತ್ತು ‘ನಿರೋಧಕ’: ಎರಡು ಪದ, ಎಷ್ಟು ಅರ್ಥ?

ಪ್ರಶ್ನೆ

ನಮಸ್ಕಾರ. ಮಣ್ಣು ಮತ್ತು ಬೆಳೆರೋಗ ಕುರಿತ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಎರಡು ವಾಕ್ಯ ಹೀಗಿವೆ:

1. “ಕಬ್ಬಿನ ರವದಿಯನ್ನು ಮಣ್ಣಿಗೆ ಸೇರಿಸಿದಾಗ ಮೊದಲ ಕೆಲವು ವಾರ ಸಾರಜನಕದ ಸ್ಥಿರೀಕರಣ ನಡೆಯುತ್ತದೆ.”

2. “ಈ ತಳಿಗೆ ಹಳದಿ ನಂಜು ರೋಗ ನಿರೋಧಕ ಶಕ್ತಿ ಇದ್ದು, ಗಿಡದಲ್ಲಿ ವೈರಾಣು ಇದ್ದರೂ ಇಳುವರಿ ಹೆಚ್ಚು ಕುಸಿಯುವುದಿಲ್ಲ.”

ಮೊದಲನೆಯದರ ಮೂಲದಲ್ಲಿರುವುದು ಇಮ್ಮೊಬಿಲೈಸೇಶನ್, ಅಂದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಮ್ಮ ಮೈಗೆ ಸೇರಿಸಿಕೊಳ್ಳುವುದು. ಬೇಳೆಕಾಳಿನ ಬೇರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಫಿಕ್ಸೇಶನ್‌ಗೂ ಇದೇ ಕರಡು ‘ಸ್ಥಿರೀಕರಣ’ ಎಂದೇ ಬರೆದಿದೆ. ಎಲೆ ಇಂಗಾಲವನ್ನು ಸಕ್ಕರೆ ಮಾಡುವುದಕ್ಕೂ, ಮಣ್ಣಿನಲ್ಲಿ ಇಂಗಾಲ ಬಹುಕಾಲ ಉಳಿಯುವುದಕ್ಕೂ ಅದೇ ಪದ. ನಾಲ್ಕು ಕ್ರಿಯೆಗೆ ಒಂದೇ ಪದ ಸಾಕೇ? ಎರಡನೆಯ ವಾಕ್ಯ ತನ್ನನ್ನು ತಾನೇ ಹೊಡೆದುಹಾಕುವಂತೆ ಕಾಣುತ್ತದೆ: ನಿರೋಧಿಸಿದ ಮೇಲೆ ವೈರಾಣು ಗಿಡದೊಳಗೆ ಏಕಿದೆ? ಹೊಲದ ಬದುವಿನಲ್ಲಿ ನಿಂತು ಓದುವವರಿಗೆ ಒಂದೇ ಓದಿಗೆ ತಿಳಿಯುವ ಮಾತು ಬೇಕು. ‘ನಿಶ್ಚಲೀಕರಣ’ದಂಥದ್ದು ಬೇಡ, ಅದು ಇನ್ನೊಂದು ಗೋಡೆ.

ಉತ್ತರ (ಮಣ್ಣಿನ ಕಡೆಯಿಂದ)

ಮೊದಲ ವಾಕ್ಯ ಹೀಗೇ ಅಚ್ಚಾದರೆ ಓದಿದವರು ಯೂರಿಯ ಕಡಿಮೆ ಮಾಡುತ್ತಾರೆ, ಬೆಳೆ ಹಳದಿಯಾಗುತ್ತದೆ. ಶಾಲೆಯ ಪುಸ್ತಕದಿಂದಲೇ ‘ಸಾರಜನಕ ಸ್ಥಿರೀಕರಣ’ ಎಂದರೆ ಲಾಭ ಎಂದು ತಲೆಗೆ ಹತ್ತಿದೆ. ಇಲ್ಲಿ ನಡೆಯುವುದು ತಾತ್ಕಾಲಿಕ ನಷ್ಟ.

ಕ್ರಿಯೆಯನ್ನು ಬಿಡಿಸಿ ನೋಡೋಣ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ, ಆದರೆ ಅದರ ಎರಡು ಪರಮಾಣುಗಳು ತ್ರಿಬಂಧದಲ್ಲಿ ಬಿಗಿದುಕೊಂಡಿವೆ. ಗಿಡ ಅದನ್ನು ಮುಟ್ಟಲಾರದು. ಬೇರುಗಂಟಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಒಂದು ಸಾರಜನಕ ಅಣುವನ್ನು ಒಡೆದು ಅಮೋನಿಯ ಮಾಡಲು ಕನಿಷ್ಠ 16 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು ಮಾಡುತ್ತದೆ. ಆ ಖರ್ಚಿಗೆ ಸಕ್ಕರೆ ಕೊಡುವುದು ಗಿಡ. ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ 400–500 ಡಿಗ್ರಿ ಶಾಖ, ನೂರಾರು ಪಟ್ಟು ವಾಯುಭಾರದ ಒತ್ತಡ ಬೇಕು. ಗಾಳಿಯದ್ದು ಮಣ್ಣಿಗೆ ಬಂತು, ಹೊಲದ ಲೆಕ್ಕಕ್ಕೆ ಜಮೆ ಆಯಿತು. ಇದು ಫಿಕ್ಸೇಶನ್. (ಹೊಲದಲ್ಲಿ ಯೂರಿಯ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ, ದುಬಾರಿ ಬಾಬತ್ತು ಯಾರಿಗೆ ಬೇಕು?)

ರವದಿಯ, ಅಂದರೆ ಕಬ್ಬಿನ ಒಣಗರಿಯ, ಕಥೆ ಬೇರೆ. ಒಂದು ಟನ್ ಒಣ ರವದಿಯಲ್ಲಿ ಸುಮಾರು 400 ಕೆ.ಜಿ. ಇಂಗಾಲ. ಇಂಗಾಲ–ಸಾರಜನಕದ ಪ್ರಮಾಣ 100ಕ್ಕೆ 1 ಎಂದು ಹಿಡಿದರೆ ಅದರಲ್ಲಿರುವ ಸಾರಜನಕ 4 ಕೆ.ಜಿ. ಮಾತ್ರ. ಮಣ್ಣಿನ ಸೂಕ್ಷ್ಮಜೀವಿಗಳು ತಿಂದ ಇಂಗಾಲದಲ್ಲಿ ಮೂರನೇ ಎರಡು ಭಾಗವನ್ನು ಉಸಿರಾಗಿ ಬಿಟ್ಟು ಒಂದು ಭಾಗವನ್ನು, ಅಂದರೆ ಸುಮಾರು 133 ಕೆ.ಜಿ., ಮೈಗೆ ಹಚ್ಚಿಕೊಳ್ಳುತ್ತವೆ. ಅವುಗಳ ಮೈಯಲ್ಲಿ 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರಲೇಬೇಕು: 133ನ್ನು 8ರಿಂದ ಭಾಗಿಸಿದರೆ 16 ಕೆ.ಜಿ.ಗೆ ಸ್ವಲ್ಪ ಮೇಲೆ. ಕೈಯಲ್ಲಿರುವುದು 4. ಉಳಿದ 12–13 ಕೆ.ಜಿ.ಯನ್ನು ಮಣ್ಣಿನಲ್ಲಿ ಕರಗಿದ್ದ ಅಮೋನಿಯಂ, ನೈಟ್ರೇಟ್‌ಗಳಿಂದ ಎಳೆದುಕೊಳ್ಳುತ್ತವೆ. ಯೂರಿಯದ ಲೆಕ್ಕದಲ್ಲಿ ಸುಮಾರು 27 ಕೆ.ಜಿ. ಬೆಳೆ ಪೈಪೋಟಿಯಲ್ಲಿ ಸೋಲುತ್ತದೆ. ರವದಿ ಕರಗಿ ಸೂಕ್ಷ್ಮಜೀವಿಗಳಿಗೆ ತಿನ್ನಲು ಉಳಿಯದಿದ್ದಾಗ ಅವು ಸಾಯುತ್ತವೆ, ಸಾರಜನಕ ಮತ್ತೆ ಮಣ್ಣಿಗೆ ಬರುತ್ತದೆ. ಅದೇ ಲೆಕ್ಕವನ್ನು ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚಕ್ಕೆ ಹಾಕಿ ನೋಡಿ. ಪ್ರಮಾಣ 20ಕ್ಕೆ 1 ಇದ್ದರೆ ಒಂದು ಟನ್ ಒಣತೂಕದಲ್ಲೇ 20 ಕೆ.ಜಿ. ಇದೆ, ಬೇಕಾದ್ದು 16ರ ಆಸುಪಾಸು, ಉಳಿದದ್ದು ಬೆಳೆಗೆ. ಸುಮಾರು 25ಕ್ಕಿಂತ ಕೆಳಗೆ ಕೊಡುಗೆ, 30ಕ್ಕಿಂತ ಮೇಲೆ ಕಸಿಯುವಿಕೆ ಎಂಬ ಹೆಬ್ಬೆರಳ ಲೆಕ್ಕ ಇಲ್ಲಿಂದಲೇ ಬಂದದ್ದು. ರವದಿಯನ್ನು ಹೂಳದೆ ಸಾಲಿನ ನಡುವೆ ಹೊದಿಕೆಯಾಗಿ ಹಾಸಿದರೆ ಮಣ್ಣಿಗೆ ತಾಗುವುದು ಅಡಿಯ ಪದರ ಮಾತ್ರ, ಹಾಗಾಗಿ ಕಸಿಯುವುದೂ ನಿಧಾನ.

ಪದಕ್ಕೆ ಬರುತ್ತೇನೆ. ಮೊದಲನೆಯದು ‘ಹಿಡಿಯುವುದು’: ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಎರಡನೆಯದು ‘ಹಿಡಿದಿಟ್ಟುಕೊಳ್ಳುವುದು’: ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ‘ಕೊಳ್ಳು’ ಸೇರಿದೊಡನೆ ಲಾಭ ಯಾರಿಗೆ ಎಂಬುದು ಹೇಳದೆಯೇ ಗೊತ್ತಾಗುತ್ತದೆ. ‘-ೀಕರಣ’ ಹಚ್ಚಿದ ನಾಮಪದಗಳಲ್ಲಿ ಮಾಡುವವರೂ ಇಲ್ಲ, ಪಡೆಯುವವರೂ ಇಲ್ಲ. ಗೊಂದಲ ಹುಟ್ಟುವುದು ಅಲ್ಲೇ. ಶೀರ್ಷಿಕೆಗೆ ನಾಮಪದ ಬೇಕೇ ಬೇಕೆಂದರೆ ‘ಹಿಡಿಕೆ’ ಆಗದು, ಅದು ಗುದ್ದಲಿಗೆ ಇರುವುದು. ‘ಹಿಡಿತ’ಕ್ಕೆ ಬೇರೆಯೇ ಅರ್ಥ. ರೂಢಿಯಾಗಿರುವ ‘ಸಾರಜನಕ ಸ್ಥಿರೀಕರಣ’ವನ್ನು ಗಾಳಿಯಿಂದ ಹಿಡಿಯುವುದಕ್ಕೆ ಮಾತ್ರ ಮೀಸಲಿಡಿ. ಇಮ್ಮೊಬಿಲೈಸೇಶನ್‌ಗೆ ‘ಸಾರಜನಕದ ಸೆರೆ’ ಎನ್ನಿ. ಅದರ ಜೋಡಿಯಾದ ಮಿನರಲೈಸೇಶನ್, ಅಂದರೆ ಆ ಸಾರಜನಕ ಮತ್ತೆ ಮಣ್ಣಿಗೆ ಬರುವುದು, ತಾನಾಗಿ ‘ಬಿಡುಗಡೆ’ ಆಗುತ್ತದೆ. ‘ಖನಿಜೀಕರಣ’ ಎಂದರೆ ಗಣಿಗಾರಿಕೆ ನೆನಪಾಗುತ್ತದೆ.

ದೋಷ ಅನುವಾದಕರದ್ದಷ್ಟೇ ಅಲ್ಲ, ಇಂಗ್ಲಿಷಿನಲ್ಲೇ ಫಿಕ್ಸೇಶನ್ ಎರಡು ತಲೆಯ ಹಾವು. ಕೆಂಪು ಹುಳಿಮಣ್ಣಿನಲ್ಲಿ ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂಗಳ ಜತೆ ಕಚ್ಚಿಕೊಂಡು ಬೇರಿಗೆ ಸಿಗದಂತಾಗುವುದನ್ನೂ ಅವರು ಅದೇ ಪದದಿಂದ ಕರೆಯುತ್ತಾರೆ. ಒಂದರಲ್ಲಿ ಸಿಗದ್ದು ಸಿಗುತ್ತದೆ, ಇನ್ನೊಂದರಲ್ಲಿ ಸಿಕ್ಕಿದ್ದು ಕಳೆಯುತ್ತದೆ. ನಿಮ್ಮ ಕೈಪಿಡಿಯಲ್ಲಿ ‘ರಂಜಕ ಸ್ಥಿರೀಕರಣ’ ಎಲ್ಲಾದರೂ ಇದ್ದರೆ ‘ರಂಜಕ ಮಣ್ಣಿಗೆ ಕಚ್ಚಿಕೊಳ್ಳುವುದು’ ಎಂದು ಬದಲಿಸಿ.

ಇಂಗಾಲಕ್ಕೆ: ಎಲೆಯ ಕೆಲಸಕ್ಕೆ ‘ಹಿಡಿಯುವುದು’ ಸಾಕು. ಮಣ್ಣಿನಲ್ಲಿ ದಶಕಗಳ ಕಾಲ ಉಳಿಸುವುದಕ್ಕೆ ‘ಇಂಗಾಲ ಇಂಗಿಸುವುದು’ ಎಂದು ನೋಡಿ. ನೀರಿಂಗಿಸುವುದು ಎಲ್ಲರಿಗೂ ಗೊತ್ತು. ಇಂಗುವುದಕ್ಕೂ ಇಂಗಾಲಕ್ಕೂ ನಂಟಿಲ್ಲ, ಇಂಗಾಲ ಬಂದದ್ದು ಸಂಸ್ಕೃತದ ಅಂಗಾರದಿಂದ, ಕೆಂಡ ಎಂಬರ್ಥದಲ್ಲಿ. ಕಾಕತಾಳೀಯವಾದರೂ ನಾಲಿಗೆಗೆ ಒಗ್ಗುತ್ತದೆ. ಮರದ ದಿಮ್ಮಿಯಲ್ಲಿರುವ ಇಂಗಾಲಕ್ಕೆ ಮಾತ್ರ ಇದು ಹೊಂದದು, ಅಲ್ಲಿ ‘ಕೂಡಿಡುವುದು’ ಲೇಸು. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ‘ಸಾವಯವ ಇಂಗಾಲ’ ಎಂದಿರುವುದನ್ನು ‘ಸಾವಯವ ಪದಾರ್ಥ’ ಎಂದು ಬರೆಯದಿರಿ. ಇಂಗಾಲವನ್ನು 1.724ರಿಂದ ಗುಣಿಸಿದರೆ ಪದಾರ್ಥ ಎಂಬುದು ವಾಡಿಕೆಯ ಲೆಕ್ಕ. ಕಾರ್ಡಿನಲ್ಲಿ ಶೇ. 0.5ರ ಕೆಳಗೆ ‘ಕಡಿಮೆ’, ಶೇ. 0.75ರ ಮೇಲೆ ‘ಹೆಚ್ಚು’ ಎಂಬ ಗೆರೆಗಳು ಇಂಗಾಲದವು. ಪದ ತಪ್ಪಿದರೆ ಕಡಿಮೆ ಇರುವ ಮಣ್ಣಿಗೆ ಮಧ್ಯಮದ ಪಟ್ಟ ಸಿಕ್ಕಿಬಿಡುತ್ತದೆ.

ನಡುವೆ ಒಂದು ಮಾತು

‘ಸೆರೆ’ಗಿಂತ ‘ಅಡವು’ ಅಥವಾ ‘ಒತ್ತೆ’ ಆಗಬಹುದಲ್ಲವೇ? ಸಾರಜನಕ ಮುಂದೆ ವಾಪಸು ಬರುತ್ತದೆ ಎಂಬುದು ಅದರಲ್ಲೇ ಇದೆ.

ಮಣ್ಣಿನ ಕಡೆಯಿಂದ ಮತ್ತೆ

ಚೆಲುವಾದ ಪದ, ಆದರೆ ಅಡವಿಡುವುದು ಒಡೆಯನ ಒಪ್ಪಿಗೆಯಿಂದ, ಬದಲಿಗೆ ಹಣವೂ ಸಿಗುತ್ತದೆ. ಇಲ್ಲಿ ಬೆಳೆಯನ್ನು ಕೇಳಿದವರಾರು? ಬಿಡುವ ದಿನವೂ ನಿಗದಿಯಲ್ಲ: ತೇವ, ಶಾಖ, ರವದಿಯ ತುಂಡಿನ ಗಾತ್ರ ಹೇಳಿದಂತೆ. ಇದಲ್ಲದೆ ಬಿಡುಗಡೆಯಾದದ್ದೆಲ್ಲ ಬೆಳೆಗೇ ಸೇರುತ್ತದೆ ಎಂಬ ಭರವಸೆ ಇಲ್ಲ. ನೈಟ್ರೇಟ್ ಆದಮೇಲೆ ಮಳೆಗೆ ಕೆಳಕ್ಕೆ ಬಸಿಯಬಹುದು, ನೀರು ನಿಂತರೆ ಅನಿಲವಾಗಿ ಗಾಳಿಗೆ ಹೋಗಬಹುದು. ಸೆರೆಯೇ ಇರಲಿ.

ಉತ್ತರ (ಬೆಳೆರೋಗದ ಕಡೆಯಿಂದ)

ಎರಡನೆಯ ವಾಕ್ಯದ ಗಂಟು ಬಿಚ್ಚಲೂ ಅದೇ ‘ಕೊಳ್ಳು’ ಸಾಕು. ‘ತಡೆ’ ಬೇರೆ, ‘ತಡೆದುಕೊ’ ಬೇರೆ. ಮಳೆಯನ್ನು ತಡೆಯುವುದು ಸೂರು, ಮಳೆಯನ್ನು ತಡೆದುಕೊಳ್ಳುವುದು ಎಮ್ಮೆ. ವೈರಾಣು ಒಳಬರದಂತೆ, ಬಂದರೂ ಹೆಚ್ಚದಂತೆ ಮಾಡುವ ತಳಿ ರೋಗ ತಡೆಯುತ್ತದೆ. ವೈರಾಣು ಮೈತುಂಬ ಹರಡಿದರೂ ಕಾಳು ಕೊಡುವ ತಳಿ ರೋಗ ತಡೆದುಕೊಳ್ಳುತ್ತದೆ. ಇಂಗ್ಲಿಷಿನ ರೆಸಿಸ್ಟೆನ್ಸ್, ಟಾಲರೆನ್ಸ್ ಇವೇ. ‘ರೋಗ ನಿರೋಧಕ’ ಎಂಬ ಚೀಟಿಯನ್ನು ಎರಡಕ್ಕೂ ಅಂಟಿಸುವುದು ನಿಲ್ಲಬೇಕು. ನಿಮ್ಮ ವಾಕ್ಯದ ತಳಿ ತಡೆದುಕೊಳ್ಳುವಂಥದ್ದು. ‘ಸಹಿಷ್ಣು’ ತಪ್ಪಲ್ಲ, ‘ತಾಳಿಕೆಯ ತಳಿ’ ಇನ್ನೂ ಸಲೀಸು.

ಇದು ಬರೀ ಪದದ ಜಗಳವಲ್ಲ. ತಾಳಿಕೆಯ ತಳಿ ಹಸಿರಾಗಿ ನಿಂತಿದ್ದರೂ ಒಳಗೆ ವೈರಾಣು ಇರುತ್ತದೆ. ಬಿಳಿನೊಣ ಅದನ್ನು ಹೀರಿ ಪಕ್ಕದ ಹೊಲದ ಹೆಸರುಕಾಳು, ಉದ್ದಿನ ಬೆಳೆಗೆ ದಾಟಿಸುತ್ತದೆ. ‘ನಿರೋಧಕ’ ಎಂದು ನಂಬಿ ಬಿಳಿನೊಣವನ್ನು ಕಡೆಗಣಿಸಿದರೆ ನೆರೆಯವರ ಬೆಳೆ ಹೋಗುತ್ತದೆ. ನಡುವಿನ ಪ್ರಕರಣಗಳೂ ಇವೆ. ಕಾಡು ಟೊಮೆಟೊದಿಂದ ತಂದ ಟಿವೈ-1 ಜೀನ್ ಇರುವ ಗಿಡದಲ್ಲಿ ಎಲೆ ಮುದುಡು ವೈರಾಣು ಪೂರ್ತಿ ಇಲ್ಲವಾಗುವುದಿಲ್ಲ, ಬಹಳ ಕಡಿಮೆಯಾಗುತ್ತದೆ. ಅಲ್ಲಿ ‘ಭಾಗಶಃ ತಡೆ’ ಎಂದು ಬರೆಯಿರಿ.

‘ವೈರಾಣು’ವಿನ ಬದಲು ‘ನಂಜಾಣು’ ಬಳಸಲು ಹಿಂಜರಿಯಬೇಡಿ. ಲ್ಯಾಟಿನ್ನಿನ ವೈರಸ್ ಎಂದರೂ ವಿಷ, ನಮ್ಮ ನಂಜು ಎಂದರೂ ವಿಷ; ಹಳದಿ ನಂಜು ಎಂಬ ಹೆಸರು ಹೇಗೂ ರೈತರ ಬಾಯಲ್ಲಿದೆ. ಏಲಕ್ಕಿಯ ‘ಕಟ್ಟೆ’ ರೋಗದ ಹೆಸರಂತೂ ಇಂಗ್ಲಿಷ್ ಪ್ರಬಂಧಗಳಲ್ಲೂ ಕಟ್ಟೆ ಎಂದೇ ಇದೆ. ಅದೇ ಬೆಳೆಯ ‘ಕೊಕ್ಕೆ ಕಂದು’ ಕೂಡ ಹಾಗೆಯೇ ದಾಟಿ ಹೋಗಿದೆ. ಇಲ್ಲಿ ಕಂದು ಬಣ್ಣವಲ್ಲ, ಬುಡದಿಂದ ಒಡೆಯುವ ಮರಿ. ಚಿತ್ರಕ್ಕೆ ಬಣ್ಣ ಹಾಕುವವರಿಗೆ ಮೊದಲೇ ಹೇಳಿಡಿ.

ಗಿಡ ನಂಜಾಣುವನ್ನು ತಡೆಯುವ ಬಗೆಗೆ ಎರಡು ಪದ ತೊಡಕು. ಒಂದು, ಹೈಪರ್‌ಸೆನ್ಸಿಟಿವ್ ಪ್ರತಿಕ್ರಿಯೆ. ‘ಅತಿಸೂಕ್ಷ್ಮ’ ಎಂದರೆ ನಾಜೂಕು ಗಿಡ ಎಂದು ಓದುತ್ತಾರೆ, ಆದರೆ ಇದು ಬಲದ ಲಕ್ಷಣ. ತಂಬಾಕಿನ ಎನ್ ಜೀನ್ ಇರುವ ಎಲೆಗೆ ಮೊಸಾಯಿಕ್ ನಂಜಾಣು ತಗುಲಿದರೆ ಸುತ್ತಲಿನ ಕೋಶಗಳು ತಾವೇ ಸತ್ತು ಸಣ್ಣ ಒಣ ಚುಕ್ಕೆಯೊಳಗೆ ಅದನ್ನು ಕಟ್ಟಿಹಾಕುತ್ತವೆ. ಕಾಡಿನಲ್ಲಿ ಬೇಸಿಗೆಗೆ ಮುಂಚೆ ಸುಟ್ಟಿಡುವ ಬೆಂಕಿರೇಖೆಯ ಹಾಗೆ. ‘ಸುಟ್ಟು ತಡೆಯುವುದು’ ಎಂದು ವಿವರಿಸಬಹುದು. ಶಾಖ 28 ಡಿಗ್ರಿ ದಾಟಿದರೆ ಈ ತಡೆ ಕೆಲಸ ಮಾಡುವುದಿಲ್ಲ, ನಂಜಾಣು ಗಿಡದ ತುಂಬ ಹರಡುತ್ತದೆ. ಈ ಷರತ್ತು ಬಿಟ್ಟು ಅನುವಾದಿಸಬೇಡಿ.

ಇನ್ನೊಂದು, ಆರ್‌ಎನ್‌ಎ ಸೈಲೆನ್ಸಿಂಗ್. ‘ನಿಶ್ಶಬ್ದೀಕರಣ’ ಎಂದು ಕೆಲವರು ಬರೆಯುತ್ತಾರೆ. ಧ್ವನಿವರ್ಧಕಕ್ಕೆ ಸರಿ. ನಡೆಯುವುದು ಹೀಗೆ: ನಂಜಾಣು ಹೆಚ್ಚುವಾಗ ಅದರ ಆರ್‌ಎನ್‌ಎ ಎರಡೆಳೆಯಾಗುತ್ತದೆ. ಗಿಡದ ಡೈಸರ್ ಬಗೆಯ ಕಿಣ್ವಗಳು ಆ ಎರಡೆಳೆಯನ್ನು 21ರಿಂದ 24 ಅಕ್ಷರಗಳ ತುಂಡು ಮಾಡುತ್ತವೆ. ಆರ್ಗೊನಾಟ್ ಎಂಬ ಪ್ರೋಟೀನು ಒಂದು ತುಂಡನ್ನು ಗುರುತಿನ ಚೀಟಿಯಂತೆ ಹಿಡಿದುಕೊಂಡು ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಕಂಡರೂ ಕತ್ತರಿಸುತ್ತದೆ. ಜೀನ್ ಇದೆ, ಅದರ ಮಾತು ನಡೆಯುವುದಿಲ್ಲ. ‘ಸೊಲ್ಲಡಗಿಸುವುದು’ ಎಂದರೆ ಕ್ರಿಯೆಗೆ ತೀರ ಹತ್ತಿರ. 1990ರಲ್ಲಿ ಪೆಟೂನಿಯ ಹೂವಿಗೆ ಗಾಢ ನೇರಳೆ ಬರಲೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದಾಗ ಹಲವು ಹೂಗಳು ಬೆಳ್ಳಗಾದವು; ಅಲ್ಲಿ ಸೊಲ್ಲಡಗಿದ್ದು ಗಿಡದ್ದೇ ಜೀನ್. ಹವಾಯಿಯಲ್ಲಿ 1998ರಲ್ಲಿ ಬೆಳೆಗಾರರ ಕೈಸೇರಿದ ‘ರೇನ್‌ಬೋ’ ಪಪ್ಪಾಯಿ ಉಂಗುರಚುಕ್ಕೆ ನಂಜನ್ನು ತಡೆಯುವುದೂ ಇದೇ ದಾರಿಯಿಂದ: ನಂಜಾಣುವಿನ ಹೊದಿಕೆ ಪ್ರೋಟೀನಿನ ಜೀನನ್ನು ಗಿಡಕ್ಕೆ ಸೇರಿಸಲಾಗಿದೆ. ನಂಜಾಣುಗಳೂ ಸುಮ್ಮನಿಲ್ಲ. ಸೌತೆ ಮೊಸಾಯಿಕ್ ನಂಜಾಣುವಿನ 2ಬಿ ಪ್ರೋಟೀನು ಈ ಕತ್ತರಿಯನ್ನೇ ಮೊಂಡು ಮಾಡುತ್ತದೆ.

ಹೀಗಾಗಿ ಗಿಡದ ವಿಷಯದಲ್ಲಿ ‘ಪ್ರತಿಕಾಯ’ (ಆಂಟಿಬಾಡಿ) ಪದ ಎಲ್ಲಿದ್ದರೂ ಹೊಡೆದುಹಾಕಿ, ಗಿಡದಲ್ಲಿ ಅದು ಇಲ್ಲ. ‘ನಂಜು ರೋಗಕ್ಕೆ ಔಷಧಿ’ ಎಂಬುದೂ ಹಾಗೆಯೇ. ಕೀಟನಾಶಕಕ್ಕೆ ‘ಔಷಧಿ’ ಎನ್ನುವ ರೂಢಿಯಿಂದ ರೋಗ ವಾಸಿಯಾಗುತ್ತದೆಂಬ ಭ್ರಮೆ ಹುಟ್ಟುತ್ತದೆ. ಸಿಂಪಡಿಸುವುದು ನೊಣಕ್ಕೆ, ನಂಜಿಗಲ್ಲ. ಬಿಳಿನೊಣದ ಮೈಯಲ್ಲಿ ಹಳದಿ ನಂಜು ಕೆಲವು ಗಂಟೆ ಸುತ್ತಿ ಬಂದಮೇಲೆ ಹರಡುವುದರಿಂದ ಸಿಂಪಡಣೆಗೆ ಸ್ವಲ್ಪ ಅವಕಾಶವಿದೆ. ಪಪ್ಪಾಯಿಯ ಉಂಗುರಚುಕ್ಕೆಯನ್ನು ಸಸ್ಯಹೇನು ಬಾಯಿತುದಿಯಲ್ಲಿ ಹೊತ್ತು ಒಂದೆರಡು ಚುಚ್ಚಿಗೇ ಅಂಟಿಸಿಬಿಡುತ್ತದೆ. ವಿಷ ಏರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಹಳದಿ ಎಂಬ ಪದವೂ ಎಚ್ಚರ ಬೇಡುತ್ತದೆ. ಸಾರಜನಕ ಸೆರೆಯಾದಾಗ ಕೆಳಗಿನ ಹಳೆಯ ಎಲೆ ಒಂದೇ ಸಮನೆ ಹಳದಿಯಾಗುತ್ತದೆ, ಏಕೆಂದರೆ ಗಿಡ ಇದ್ದದ್ದನ್ನು ಕುಡಿಗೆ ಸಾಗಿಸುತ್ತದೆ. ಹಳದಿ ನಂಜು ಮೇಲಿನ ಎಳೆಯ ಎಲೆಯಲ್ಲಿ ಹಸಿರು–ಹಳದಿ ತೇಪೆಯಾಗಿ ಕಾಣುತ್ತದೆ. ಎರಡಕ್ಕೂ ‘ಎಲೆ ಹಳದಿಯಾಗುವಿಕೆ’ ಎಂದಷ್ಟೇ ಬರೆದರೆ ನಂಜು ಬಂದ ಹೆಸರುಕಾಳಿನ ಬೆಳೆಗೆ ಯೂರಿಯ ಬೀಳುತ್ತದೆ, ಎಳೆಚಿಗುರು ಸೊಕ್ಕುತ್ತದೆ, ಬಿಳಿನೊಣಕ್ಕೆ ಹಬ್ಬ.

ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ತಿದ್ದಿದ ವಾಕ್ಯಗಳು:

1. “ಕಬ್ಬಿನ ರವದಿಯನ್ನು ಮಣ್ಣಿಗೆ ಸೇರಿಸಿದಾಗ ಮೊದಲ ಕೆಲವು ವಾರ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಬೆಳೆಗೆ ಕೊರತೆಯಾಗುತ್ತದೆ. ರವದಿ ಕರಗಿದ ಮೇಲೆ ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ.”

2. “ಈ ತಳಿ ಹಳದಿ ನಂಜನ್ನು ತಡೆಯುವುದಿಲ್ಲ, ತಡೆದುಕೊಳ್ಳುತ್ತದೆ. ಗಿಡದಲ್ಲಿ ನಂಜಾಣು ಇರುವುದರಿಂದ ಬಿಳಿನೊಣದ ಹತೋಟಿ ಬಿಡಬಾರದು.”

ಇನ್ನೊಂದು ಸಿಕ್ಕಿತು. ಕರಡಿನ ಎರಡು ಚಿತ್ರಗಳಿಗೆ ‘ಬೇರುಗಂಟು’ ಎಂಬ ಒಂದೇ ಅಡಿಬರಹವಿದೆ: ಒಂದು ರೈಜೋಬಿಯಂನದ್ದು, ಇನ್ನೊಂದು ಜಂತುಹುಳುವಿನ ರೋಗದ್ದು. ಮೊದಲನೆಯದಕ್ಕೆ “ಬೇರಿನ ಪಕ್ಕಕ್ಕೆ ಅಂಟಿದ ಗಂಟು, ಬೆರಳಿಂದ ಉಜ್ಜಿದರೆ ಕಳಚುತ್ತದೆ, ಕೆಲಸ ಮಾಡುತ್ತಿದ್ದರೆ ಒಳಗೆ ನಸುಗೆಂಪು” ಎಂದೂ, ಎರಡನೆಯದಕ್ಕೆ “ಬೇರೇ ಊದಿಕೊಂಡ ಗಂಟು, ಕಳಚುವುದಿಲ್ಲ” ಎಂದೂ ಹಾಕುತ್ತಿದ್ದೇವೆ.