ಇಳಕಲ್ ಸೀರಿ ಸೈಟ್: ಬಣ್ಣ, ದಡಿ, ನೂಲು, ಗಜ – ಟೇಬಲ್ ಹೆಂಗ ಮಾಡೂದ್ರಿ?

ಇಳಕಲ್_ಮಗ್ಗ:
ಮೈಎಸ್‌ಕ್ಯೂಎಲ್ ಡೇಟಾಬೇಸ್ ಮ್ಯಾಲ ಸೀರಿ ಮಾರೂ ಸೈಟ್. ಒಡಲಿನ ಬಣ್ಣ 8, ದಡಿ 3 (ಚಿಕ್ಕಿ ಪರಾಸ, ಗೋಮಿ, ಗಾಡಿ), ನೂಲು 3 (ಹತ್ತಿ, ಆರ್ಟ್ ಸಿಲ್ಕ್, ರೇಷ್ಮಿ), ಉದ್ದ 6, 8, 9 ಗಜ. ಈಗ ಪ್ರಾಡಕ್ಟ್ ಟೇಬಲ್‌ನಾಗ ಒಂದೊಂದಕ್ಕ ಒಂದೊಂದು ಕಾಲಂ ಐತಿ. ಗುಳೇದಗುಡ್ಡ ಖಣಾನೂ (ಕುಪ್ಪಸದ ಬಟ್ಟಿ) ಹಾಕಬೇಕು. ಅದಕ್ಕ ಗಜದ ಕಾಲಂ ಖಾಲಿ. ಮ್ಯಾಲ ಕಸೂತಿ ಬ್ಯಾರೆ. ಎಲ್ಲಾ ಹೆಂಗ ಕೂಡಿಸೂದು?

ಬಾಗಲಕೋಟ_ಬ್ಯಾಕೆಂಡ್:
ಮೊದಲ ಯಾವುದು ಆಯ್ಕೆ, ಯಾವುದು ಬರೇ ವಿವರ ಅಂತ ಬಿಡಿಸ್ರಿ. ದರ ಅಥವಾ ಸ್ಟಾಕ್ ಬದಲಾದ್ರ ಆಯ್ಕೆ. ಟೋಪ ತೆನಿ ಸೆರಗು ಎಲ್ಲಾ ಸೀರಿಗೂ ಇದ್ರ ಅದು ವಿವರ, ಪ್ರಾಡಕ್ಟ್ ಸಾಲಿನಾಗ ಇರಲಿ.

ಟೇಬಲ್ ಐದು: ಪ್ರಾಡಕ್ಟ್, ಆಯ್ಕೆ (ಬಣ್ಣ, ದಡಿ...), ಆಯ್ಕೆಯ ಮೌಲ್ಯ (ಕೆಂಪು, ಗೋಮಿ...), ವೇರಿಯಂಟ್ (ಮೌಲ್ಯಗಳು ಕೂಡಿ ಆದ ಒಂದೊಂದು ಮಾರೂ ಮಾಲು), ಮತ್ತ ವೇರಿಯಂಟ್‌ಗೂ ಮೌಲ್ಯಕ್ಕೂ ಗಂಟು ಹಾಕೂ ಟೇಬಲ್. ಎಸ್‌ಕೆಯು (ಮಾಲಿನ ಗುರುತಿನ ಕೋಡ್), ದರ, ಸ್ಟಾಕ್ ಮೂರೂ ವೇರಿಯಂಟ್ ಮ್ಯಾಲ. ದರಕ್ಕ ಡೆಸಿಮಲ್ 10,2 (ಒಟ್ಟು 10 ಅಂಕಿ, ಅದರಾಗ 2 ಪೈಸೆಗೆ). ಫ್ಲೋಟ್ ಬ್ಯಾಡ್ರಿ, ಪೈಸೆ ತಪ್ಪತೈತಿ.

ಗಂಟಿನ ಟೇಬಲ್‌ನಾಗ ಪ್ರೈಮರಿ ಕೀ (ಎರಡು ಸಾಲಿಗೆ ಒಂದ ಬಾರದ ಗುರುತು) ವೇರಿಯಂಟ್ ಐಡಿ + ಆಯ್ಕೆ ಐಡಿ. ಇಲ್ಲಂದ್ರ ಒಂದ ಸೀರಿಗೆ ಎರಡು ಒಡಲಿನ ಬಣ್ಣ ಕೂಡತಾವು. ಫಾರಿನ್ ಕೀ (ಇನ್ನೊಂದು ಟೇಬಲ್‌ಗೆ ಹಾಕೂ ಕೊಂಡಿ) ಬರೇ ಮೌಲ್ಯದ ಐಡಿಗೆ ಕೊಡಬ್ಯಾಡ್ರಿ, ಆಯ್ಕೆ + ಮೌಲ್ಯ ಜೋಡಿಗೆ ಕೊಡ್ರಿ. ಆಗ "ದಡಿ" ಜಾಗಾದಾಗ "9 ಗಜ" ಹೋಗಿ ಕೂಡೂದಿಲ್ಲ.

8×3×3×3 ಅಂದ್ರ 216. ಅಷ್ಟೂ ಸಾಲು ತಾನಾಗೇ ಹುಟ್ಟಿಸೂ ಬಟನ್ ಮಾಡಬ್ಯಾಡ್ರಿ. ನೇಯ್ದದ್ದಕ್ಕಷ್ಟ ಸಾಲು.

ಕುಂದಾನಗರಿ_ಎಸ್‌ಕ್ಯೂಎಲ್:
ಇದರಾಗ ಒಂದು ತೂತು ಐತ್ರಿ. ಅದ ಕೆಂಪು + ಗೋಮಿ + ಹತ್ತಿ + 6 ಗಜ ಎರಡು ವೇರಿಯಂಟ್ ಆಗೂದನ್ನ ಆ ಪ್ರೈಮರಿ ಕೀ ತಡಿಯೂದಿಲ್ಲ. ವೇರಿಯಂಟ್ ಟೇಬಲ್‌ಗೆ ಇನ್ನೊಂದು ಕಾಲಂ ಹಾಕ್ರಿ: ಮೌಲ್ಯದ ಐಡಿಗಳನ್ನ ಸಣ್ಣದರಿಂದ ದೊಡ್ಡದಕ್ಕ ಜೋಡಿಸಿ "4-11-17-20" ಅಂತ. ಪ್ರಾಡಕ್ಟ್ ಐಡಿ + ಈ ಕಾಲಂ ಮ್ಯಾಲ ಯುನೀಕ್ (ಅದ ಜೋಡಿ ಎರಡನೇ ಸಲ ಬಾರದ ನಿಯಮ). ಜೋಡಿಸದ ಹಾಕಿದ್ರ "11-4" ಬ್ಯಾರೆ ಅಂತ ಒಳಗ ಬರತೈತಿ.

ಈಗಿರೂ ಕಾಲಂಗಳ ಮ್ಯಾಲ ಯುನೀಕ್ ಹಾಕಿದ್ರ ಸಾಕಲ್ಲಾ ಅನಬ್ಯಾಡ್ರಿ. ಖಣದ ಗಜ ನಲ್ (ಖಾಲಿ) ಇರತೈತಿ, ಮೈಎಸ್‌ಕ್ಯೂಎಲ್ ಯುನೀಕ್ ಎಷ್ಟು ನಲ್ ಬಂದ್ರೂ ಬ್ಯಾಡ ಅನ್ನೂದಿಲ್ಲ.

ಇಳಕಲ್_ಮಗ್ಗ:
ಖಣ ಮೀಟರ್ ಲೆಕ್ಕದಾಗ ಕತ್ತರಿಸಿ ಕೊಡತೇವಿ. ಕೆಲವು ಸೀರಿ ಒಂದ ಪೀಸ್ ಇರತಾವು, ಅಂಗಡಿಯಾಗೂ ಮಾರತೇವಿ.

ಬಾಗಲಕೋಟ_ಬ್ಯಾಕೆಂಡ್:
ಖಣದ ಸ್ಟಾಕ್ ಸೆಂಟಿಮೀಟರ್‌ನಾಗ ಪೂರ್ಣಾಂಕ ಇಡ್ರಿ, ಪ್ರಾಡಕ್ಟ್ ಮ್ಯಾಲ ಅಳತಿ ಯಾವುದಂತ ಒಂದು ಕಾಲಂ. ಆದ್ರ ಒಟ್ಟು 300 ಇದ್ರೂ ಅದು 180, 120ರ ಎರಡು ತುಂಡು ಆಗಿರಬಹುದು. 200 ಕೇಳಿದ್ರ ಕೊಡಾಕ ಬರೂದಿಲ್ಲ. ಬಟ್ಟಿಯ ತುಂಡು ತುಂಡಿಗೂ ಒಂದೊಂದು ಸ್ಟಾಕ್ ಸಾಲು ಬೇಕು.

ಒಂದ ಪೀಸಿಗೆ, ಮೊದಲ ಸ್ಟಾಕ್ ಓದಿ ಆಮ್ಯಾಲ ಕಳಿಯೂ ಕೋಡ್ ಇದ್ರ ಕೌಂಟರ್‌ನಾಗೂ ಸೈಟ್‌ನಾಗೂ ಒಂದ ಸೀರಿ ಮಾರಿ ಹೋಗತೈತಿ. ಒಂದ ಅಪ್‌ಡೇಟ್‌ನಾಗ, "ಸ್ಟಾಕ್ 1ಕ್ಕಿಂತ ಕಡಿಮಿ ಇಲ್ಲದಿದ್ರ 1 ಕಳಿ" ಅನ್ನೂ ಷರತ್ತು ಹಾಕ್ರಿ. ಬದಲಾದ ಸಾಲು 0 ಬಂದ್ರ ಮಾರಾಟ ಆಗಿಲ್ಲ.

ಕಸೂತಿ ವೇರಿಯಂಟ್ ಅಲ್ರಿ, ಅದು ಮಜೂರಿ. ಆರ್ಡರ್ ಸಾಲಿಗೆ ಅಂಟಿದ ಬ್ಯಾರೆ ಸಾಲು, ಅದಕ್ಕ ತನ್ನ ದರ, ತನ್ನ ದಿನ.

ಕುಂದಾನಗರಿ_ಎಸ್‌ಕ್ಯೂಎಲ್:
ಆರ್ಡರ್ ಸಾಲಿನಾಗ ಸೀರಿ ಹೆಸರು, ಆಯ್ಕೆ, ದರ ನಕಲು ಮಾಡಿ ಇಡ್ರಿ. ಬರೇ ವೇರಿಯಂಟ್ ಐಡಿ ಇಟ್ರ ನಾಳೆ ದರ ಏರಿಸಿದ ಕೂಡಲೇ ಹಳೆ ಬಿಲ್ಲೂ ಏರತಾವು. ಫೋಟೊ ಬಣ್ಣದ ಮೌಲ್ಯಕ್ಕ ಕಟ್ರಿ. 6 ಗಜಕ್ಕೂ 9 ಗಜಕ್ಕೂ ಅದ ಫೋಟೊ ನಡೀತೈತಿ.